ಇಬ್ಬನಿಯ ಮೇಲಿನ ಹೆಜ್ಜೆ: ಶರಾವತಿ ಕಣಿವೆಯಲ್ಲಿ ಜಾಡು ನೋಡುವ ವಿದ್ಯೆಯ ಚರಿತ್ರೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹಿಮ ಬೀಳುವುದಿಲ್ಲ. ಈ ಸೀಮೆಯ ಎತ್ತರದ ಬೆಟ್ಟವಾದ ಕೊಡಚಾದ್ರಿಯ ನೆತ್ತಿಯೇ ಸಮುದ್ರಮಟ್ಟದಿಂದ 1,343 ಮೀಟರ್ ಮೇಲಿದೆ. ಹಿಮಕ್ಕೆ ಅಷ್ಟು ಎತ್ತರ ಸಾಲದು. ಮಂಜು ಎಂದರೆ ಇಲ್ಲಿನವರಿಗೆ ನೆಲಕ್ಕೆ ಬಿದ್ದು ಹೆಪ್ಪುಗಟ್ಟುವ ವಸ್ತುವಲ್ಲ, ಬೆಳಗಿನ ಜಾವ ಕಣಿವೆ ತುಂಬಿ ನಿಂತು ಬಿಸಿಲೇರಿದಂತೆ ಕರಗುವ ಬಿಳಿಯ ಆವಿ. ಆದರೂ ಹಿಮದ ಬೆಟ್ಟಗಳಲ್ಲಿ ಹಿಮ ಮಾಡುವ ಒಂದು ಕೆಲಸ ಇಲ್ಲಿಯೂ ನಡೆಯುತ್ತದೆ. ರಾತ್ರಿಯೆಲ್ಲ ಓಡಾಡಿದ ಪ್ರಾಣಿಯ ಹೆಜ್ಜೆಯನ್ನು ಬೆಳಗಿನವರೆಗೆ ಕಾಪಾಡಿ ಮನುಷ್ಯನ ಕಣ್ಣಿಗೆ ಒಪ್ಪಿಸುವ ಆ ಕೆಲಸವನ್ನು ಹುಲ್ಲಿನ ಇಬ್ಬನಿ, ಗದ್ದೆಯ ಕೆಸರು, ಗಾಡಿದಾರಿಯ ಕೆಂಪು ಧೂಳು ಹಂಚಿಕೊಂಡಿವೆ. ಈ ಮೂರರ ಮೇಲೆ ಬಿದ್ದ ಗುರುತನ್ನು ಓದುವ ವಿದ್ಯೆಗೆ ಮಲೆನಾಡಿನಲ್ಲಿ ದೀರ್ಘ ಚರಿತ್ರೆಯಿದೆ. ಬೆಳೆ ಕಾಯಲು ಹುಟ್ಟಿ, ಬೇಟೆಗೆ ಬೆಳೆದು, ಕೊನೆಗೆ ಕಾಡುಪ್ರಾಣಿಗಳನ್ನು ಎಣಿಸಿ ಉಳಿಸುವ ಕೆಲಸಕ್ಕೆ ಬಂದ ವಿದ್ಯೆ ಅದು.

ಹೆಜ್ಜೆ ಉಳಿಯುವ ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನೆಲದಲ್ಲಿ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಮಾಸ್ತಿಕಟ್ಟೆಗಳ ಮಳೆಯೂ ಅದಕ್ಕೆ ಸಾಟಿ. ಒಂದು ಪ್ರಾಣಿ ಹಳ್ಳ ದಾಟಿದ ಗುರುತು ಗಳಿಗೆಯೊಳಗೆ ತೊಳೆದು ಹೋಗುತ್ತದೆ. ಕಾಡಿನ ನೆಲವೆಲ್ಲ ಉಂಬಳ. ಬೇಸಿಗೆಯ ತೊಂದರೆ ಬೇರೆ ಬಗೆಯದು: ಜಂಬಿಟ್ಟಿಗೆಯ ನೆಲ ಕಲ್ಲಿನಂತಾಗಿ, ಉದುರಿದ ತರಗೆಲೆ ಅದನ್ನು ಮುಚ್ಚಿಬಿಡುತ್ತದೆ. ಈ ಎರಡರ ನಡುವೆ, ದೀಪಾವಳಿಯಿಂದ ಶಿವರಾತ್ರಿಯವರೆಗಿನ ಚಳಿಗಾಲವೇ ನೆಲ ಮಾತಾಡುವ ಕಾಲ. ಶಿವರಾತ್ರಿಗೆ ಚಳಿ ‘ಶಿವಶಿವ’ ಎಂದು ಓಡಿಹೋಗುತ್ತದೆ ಎಂಬ ಮಾತು ಈ ಲೆಕ್ಕಕ್ಕೂ ಒಪ್ಪುತ್ತದೆ.

ಇದಕ್ಕೆ ಕಾರಣ ಹವಾಮಾನದ ಸರಳ ನಿಯಮ. ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ, ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ತಡೆಯಿಲ್ಲದೆ ಬಿಟ್ಟುಕೊಡುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ಸಾಮಾನ್ಯ. ತಣ್ಣನೆಯ ಗಾಳಿ ಭಾರವಾಗಿ ಗುಡ್ಡದಿಂದ ಇಳಿದು ಗದ್ದೆಬಯಲಿನಲ್ಲಿ ನಿಲ್ಲುತ್ತದೆ. ಗಾಳಿಯ ತೇವ ತಣ್ಣಗಾದ ಹುಲ್ಲಿನ ಮೇಲೆ ಕೂತರೆ ಇಬ್ಬನಿ, ಗಾಳಿಯಲ್ಲೇ ಹನಿಗಟ್ಟಿದರೆ ಮಂಜು. ಶರಾವತಿಯ ಹಿನ್ನೀರಿನ ಸುತ್ತ ತೇವ ಇನ್ನೂ ಹೆಚ್ಚು. ಸಂಕ್ರಾಂತಿಯ ಹೊತ್ತಿಗೆ ಸಿಗಂದೂರಿನ ಚೌಡೇಶ್ವರಿ ಜಾತ್ರೆಗೆ ಬರುವವರಿಗೆ ಬೆಳಗಿನಲ್ಲಿ ನೀರು ಯಾವುದು, ಮಂಜು ಯಾವುದು ಎಂದು ತಿಳಿಯದಷ್ಟು.

ಇಬ್ಬನಿ ಹೊದ್ದ ಹುಲ್ಲು ನೋಟಕ್ಕೆ ಬೆಳ್ಳಗಿರುತ್ತದೆ. ಅದರ ಮೇಲೆ ಹಾದುಹೋದ ಹಂದಿಯ ಕಾಲು ಹನಿಯನ್ನು ಉದುರಿಸಿದ ಕಡೆ ಕಡುಹಸಿರಿನ ಗೆರೆ ಮೂಡುತ್ತದೆ. ಇದೇ ಮಲೆನಾಡಿನ ಹಿಮದ ಮೇಲಿನ ಹೆಜ್ಜೆ. ಬಿಸಿಲು ಬೀಳುವವರೆಗೆ, ಹೆಚ್ಚೆಂದರೆ ಎರಡು ಮೂರು ತಾಸು, ಅದರ ಆಯುಸ್ಸು. ನವೆಂಬರ್‌ನಲ್ಲಿ ನೀರು ಬಸಿದ ಭತ್ತದ ಗದ್ದೆಯ ಕೆಸರು ಹದವಾಗಿ ಗಟ್ಟಿಯಾಗಿ, ಗೊರಸಿನ ಅಂಚನ್ನೂ ಉಗುರಿನ ಮೊನೆಯನ್ನೂ ಅಚ್ಚಿನಲ್ಲಿ ಹೊಯ್ದಂತೆ ಹಿಡಿಯುತ್ತದೆ. ಜನವರಿಯಿಂದ ಮುಂದೆ ಗಾಡಿದಾರಿಯ ನುಣುಪು ಧೂಳು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ.

ಹೆಜ್ಜೆ ಓದುವ ಬಗೆ

ಗೊರಸಿನ ಪ್ರಾಣಿಗಳಲ್ಲಿ ಕಾಟಿಯದು ದೊಡ್ಡದಾದ, ದುಂಡನೆಯ ಜೋಡಿ ಗುರುತು. ಕಡವೆಯದು ಅದಕ್ಕಿಂತ ಕಿರಿದು, ಮುಂದೆ ಚೂಪು. ಹಂದಿಯ ಗುರುತಿನ ಹಿಂದೆ, ಮೆತ್ತನೆಯ ನೆಲದಲ್ಲಿ, ಹಿಂಗೊರಸಿನ ಎರಡು ಚುಕ್ಕಿಗಳು ಬೀಳುತ್ತವೆ. ಪುಟ್ಟ ಜಿಂಕೆಯಂಥ ಬರ್ಕದ ಗೊರಸು ಮಗುವಿನ ಬೆರಳಿನ ಉಗುರಿನಷ್ಟು. ಕರಡಿಗೆ ಐದು ಬೆರಳು, ಅದರ ಮುಂದೆ ಉದ್ದುಗುರಿನ ಗೀರು. ಹಿಂಗಾಲಿನ ಗುರುತು ಬರಿಗಾಲಿನ ಮನುಷ್ಯನದನ್ನು ಹೋಲುತ್ತದೆ. ಮುಳ್ಳುಹಂದಿ ನಡೆದ ದಾರಿಯಲ್ಲಿ ಮುಳ್ಳು ಎಳೆದ ಗೆರೆಗಳಿರುತ್ತವೆ. ಹಳ್ಳದ ಮರಳಿನಲ್ಲಿ ನೀರುನಾಯಿಯ ಬೆರಳ ನಡುವಿನ ಚರ್ಮದ ಗುರುತು ಸಹ ಒಮ್ಮೊಮ್ಮೆ ಕಾಣುತ್ತದೆ.

ಹುಲಿ ಮತ್ತು ಚಿರತೆಯ ಹೆಜ್ಜೆಯಲ್ಲಿ ನಾಲ್ಕು ಬೆರಳು ಮತ್ತು ಅಂಗಾಲು ಮಾತ್ರ ಮೂಡುತ್ತವೆ. ನಡೆಯುವಾಗ ಉಗುರು ಒಳಗೆ ಸರಿದಿರುವುದರಿಂದ ಅದರ ಗುರುತಿಲ್ಲ. ನಾಯಿ, ಕೆನ್ನಾಯಿಗಳ ಹೆಜ್ಜೆಯಲ್ಲಿ ಉಗುರಿನ ಚುಕ್ಕಿ ಎದ್ದು ಕಾಣುತ್ತದೆ. ಬೆಕ್ಕಿನ ಜಾತಿಯ ಪ್ರಾಣಿಗಳ ಅಂಗಾಲಿನ ಹಿಂದಿನ ಅಂಚು ಮೂರು ಹಾಲೆಗಳಾಗಿ ಒಡೆದಿರುತ್ತದೆ. ಬೆಳೆದ ಹುಲಿಯ ಹೆಜ್ಜೆ 12 ಸೆಂಟಿಮೀಟರಿಗೂ ಹೆಚ್ಚು ಅಗಲ, ಚಿರತೆಯದು ಸಾಮಾನ್ಯವಾಗಿ 10ರ ಒಳಗೆ. ಮುಂಗಾಲಿನ ಗುರುತು ಹಿಂಗಾಲಿನದಕ್ಕಿಂತ ಅಗಲ. ಗಂಡಿನ ಹಿಂಗಾಲಿನ ಗುರುತು ಚೌಕದ ಕಡೆಗೆ, ಹೆಣ್ಣಿನದು ನೀಳದ ಕಡೆಗೆ ವಾಲುತ್ತದೆ ಎಂಬುದು ಬೇಟೆಗಾರರ ಹಳೆಯ ಲೆಕ್ಕ.

ಯಾವ ಪ್ರಾಣಿ ಎಂಬುದು ಮೊದಲ ಪಾಠ ಮಾತ್ರ. ಯಾವಾಗ ಹೋಯಿತು ಎಂಬುದು ಎರಡನೆಯದು, ಅದಕ್ಕೆ ಉತ್ತರ ಕೊಡುವುದು ಹವೆ. ಹೆಜ್ಜೆಯ ಒಳಗೂ ಇಬ್ಬನಿ ಕೂತಿದ್ದರೆ ಪ್ರಾಣಿ ಹೋದದ್ದು ರಾತ್ರಿಯ ಮೊದಲ ಜಾವದಲ್ಲಿ. ಸುತ್ತಲಿನ ಹುಲ್ಲಿನಲ್ಲಿ ಹನಿಯಿದ್ದು ಹೆಜ್ಜೆಯಲ್ಲಿ ಇಲ್ಲದಿದ್ದರೆ ಬೆಳಗಿನ ಜಾವದಲ್ಲಿ. ದಾರಿಗೆ ಅಡ್ಡಲಾಗಿ ಜೇಡರಬಲೆ ಮುರಿಯದೆ ನಿಂತಿದ್ದರೆ, ಬಲೆ ನೇಯ್ದ ಮೇಲೆ ಆ ಎತ್ತರದ ಪ್ರಾಣಿ ಅಲ್ಲಿ ದಾಟಿಲ್ಲ. ಕೆಸರಿನ ಅಂಚು ಹರಿತವಾಗಿದ್ದರೆ ಹೊಸದು, ಒಣಗಿ ಉದುರುತ್ತಿದ್ದರೆ ಹಳತು. ತುಳಿದ ಸೊಪ್ಪಿನ ಬಾಡು, ಹಿಕ್ಕೆಯ ಹಸಿ, ಕಲಕಿದ ನೀರು ತಿಳಿಯಾಗಿದೆಯೇ ಎಂಬುದು, ಎಲ್ಲವೂ ಸಾಕ್ಷಿಗಳೇ.

ನೆಲ ಸುಳ್ಳು ಹೇಳುವುದೂ ಉಂಟು. 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಹಿಮಾಲಯದ ಮೆನ್ಲುಂಗ್ ಹಿಮನದಿಯ ಮೇಲೆ ತೆಗೆದ ದೊಡ್ಡ ಹೆಜ್ಜೆಯ ಚಿತ್ರ ಯೇತಿಯ ಕತೆಯನ್ನು ಲೋಕಕ್ಕೆಲ್ಲ ಹಬ್ಬಿಸಿತು. ಹಿಮದ ಮೇಲೆ ಬಿದ್ದ ಸಣ್ಣ ಗುರುತು ಬಿಸಿಲಿಗೆ ಕರಗಿ ಹಿಗ್ಗುತ್ತದೆ ಎಂಬುದು ಅದಕ್ಕೆ ಕೊಟ್ಟ ವಿವರಣೆಗಳಲ್ಲಿ ಒಂದು. ಶರಾವತಿಯ ದಡದಲ್ಲಿ ಅದೇ ಮೋಸವನ್ನು ಕೆಸರು ಮಾಡುತ್ತದೆ. ನೀರು ಹೆಚ್ಚಿದ ಕೆಸರಿನಲ್ಲಿ ಬೆರಳು ಅಗಲಿಸಿ ನಡೆದ ಚಿರತೆಯ ಹೆಜ್ಜೆ ಹುಲಿಯದಷ್ಟು ತೋರಬಹುದು. ಆದ್ದರಿಂದ ಬಲ್ಲವರು ಒಂದು ಗುರುತನ್ನು ನಂಬುವುದಿಲ್ಲ. ಜಾಡು ಹಿಡಿದು ನಡೆದು, ಗಟ್ಟಿ ನೆಲದ ಮೇಲೂ ಧೂಳಿನ ಮೇಲೂ ಅದೇ ಪ್ರಾಣಿ ಬಿಟ್ಟ ಹೆಜ್ಜೆಗಳನ್ನು ಹೋಲಿಸುತ್ತಾರೆ. ಈ ಎಚ್ಚರಿಕೆಯನ್ನು ಮರೆತದ್ದಕ್ಕೆ ಮುಂದೆ ದೇಶವೇ ಬೆಲೆ ತೆರಬೇಕಾಯಿತು.

ಮಾಳ, ಮರಸು, ಸೋವು

ಈ ವಿದ್ಯೆ ಹುಟ್ಟಿದ್ದು ರೈತನ ಅಗತ್ಯದಿಂದ. ಆಶ್ವಯುಜದಲ್ಲಿ ಭೂಮಿ ಹುಣ್ಣಿಮೆ ಬರುವಾಗ ಭತ್ತ ಹೊಡೆಯಾಗಿರುತ್ತದೆ. ಸಾಗರ, ಸೊರಬ ಸೀಮೆಯ ದೀವರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಚರಗ ಬೀರುತ್ತಾರೆ. ಅಲ್ಲಿಂದ ಕೊಯ್ಲಿನವರೆಗೆ ಗದ್ದೆ ಕಾಯುವ ಕಾಲ. ಗದ್ದೆಯಂಚಿನಲ್ಲಿ ಮಾಳ ಕಟ್ಟಿ, ಬೆಂಕಿ ಹಾಕಿ, ತಗಡು ಬಡಿದು ರಾತ್ರಿ ಕಳೆದವನು ಬೆಳಗ್ಗೆ ಮೊದಲು ನೋಡುವುದು ಬದುವಿನ ಮೇಲಿನ ಹೆಜ್ಜೆಯನ್ನೇ. ಹಂದಿ ಎಷ್ಟಿದ್ದವು, ಎಲ್ಲಿಂದ ನುಗ್ಗಿದವು, ಹಿಂಡೋ ಒಂಟಿಗನೋ ಎಂಬುದರ ಮೇಲೆ ಮರುರಾತ್ರಿಯ ಕಾವಲು ನಿರ್ಧಾರವಾಗುತ್ತಿತ್ತು. ಅಡಿಕೆ ತೋಟದ ಸುತ್ತ ತೋಡಿದ ಅಗಳವೂ, ಬೇಲಿಯ ದಣಪೆಯೂ, ಕಾನಿಗೆ ಹೋಗುವ ಸೊಪ್ಪಿನಬೆಟ್ಟದ ದಾರಿಯೂ ದಿನವೂ ಕಣ್ಣಾಡಿಸಬೇಕಾದ ಜಾಗಗಳು. ಕೊಟ್ಟಿಗೆಯ ದನ ಹಿಡಿಯುವ ಹುಲಿಯ ಹೆಜ್ಜೆ ಕಂಡ ದಿನ ಊರಿಗೆ ಊರೇ ಎಚ್ಚರವಾಗುತ್ತಿತ್ತು.

ಭಯದ ಜೊತೆಗೆ ಭಕ್ತಿಯೂ ಬೆಳೆಯಿತು. ಸಾಗರದಿಂದ ಉತ್ತರ ಕನ್ನಡದವರೆಗಿನ ಹಳ್ಳಿಗಳಲ್ಲಿ ಹುಲಿದೇವರಿಗೆ, ಹುಲಿಯಪ್ಪನಿಗೆ ಬನಗಳಿವೆ. ದೀಪಾವಳಿಯ ಗೋಪೂಜೆಯ ಹೊತ್ತಿಗೆ, ದನಗಳು ಚಳಿಗಾಲದ ಹಸಿರುಹುಲ್ಲಿಗೆ ಬ್ಯಾಣಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಮೇಯುವ ದಿನಗಳಲ್ಲಿ, ಆ ದೇವರಿಗೂ ಪೂಜೆ ಸಲ್ಲುತ್ತದೆ. ದನ ಕಾಯುವವನ ದೃಷ್ಟಿಯಲ್ಲಿ ಹುಲಿಯ ಹೆಜ್ಜೆ ಶತ್ರುವಿನ ಗುರುತಷ್ಟೇ ಆಗಿರಲಿಲ್ಲ. ಕಾಡಿನ ಒಡೆಯ ತನ್ನ ಗಡಿಯನ್ನು ತೋರಿಸಿದ್ದೂ ಆಗಿತ್ತು.

ಕೊಯ್ಲು ಮುಗಿದು ಕಣದ ಕೆಲಸ ತೀರಿದ ಮೇಲೆ ಬೇಟೆಯ ದಿನಗಳು ಬರುತ್ತಿದ್ದವು. ಬೇಟೆಯ ಮೊದಲ ಕೆಲಸ ಬೆಳಗ್ಗೆ ಎದ್ದು ಜಾಡು ನೋಡಿಬರುವುದು. ಹಂದಿಯೋ ಮಿಗವೋ ಒಂದು ಹಳುವಿಗೆ ಹೊಕ್ಕ ಹೆಜ್ಜೆ ಇದ್ದು, ಹೊರಬಿದ್ದ ಹೆಜ್ಜೆ ಇಲ್ಲವೆಂದರೆ ಪ್ರಾಣಿ ಅಲ್ಲೇ ಮಲಗಿದೆ ಎಂದರ್ಥ. ಆಮೇಲೆ ಕೋವಿಯವರು ಪ್ರಾಣಿ ದಾಟುವ ಕಂಡಿಗಳಲ್ಲಿ ‘ಬಿಲ್ಲಿಗೆ’, ಅಂದರೆ ಹೊಂಚು ಹಾಕಿ, ಕೂರುತ್ತಿದ್ದರು. ಉಳಿದವರು ನಾಯಿಗಳೊಡನೆ, ಕೂಗು ಹಾಕುತ್ತ ಹಳು ಸೋವುತ್ತಿದ್ದರು. ಒಬ್ಬನೇ ಹೋಗುವ ಬೇಟೆ ಮರಸು: ನೀರಿಗೋ ಹಣ್ಣು ಬಿದ್ದ ಮರದಡಿಗೋ ಪ್ರಾಣಿ ದಿನವೂ ಬರುವ ಹೆಜ್ಜೆ ಗೊತ್ತು ಮಾಡಿಕೊಂಡು, ಮರದ ಮೇಲಿನ ಅಟ್ಟಣೆಯಲ್ಲಿ ರಾತ್ರಿ ಕಾಯುವುದು. ಎರಡರಲ್ಲೂ ಕೋವಿಗಿಂತ ಮೊದಲು ಬೇಕಾದದ್ದು ಜಾಡು ಬಲ್ಲ ಕಣ್ಣು. ಅಂಥ ಕಣ್ಣುಳ್ಳವರು ಬಹುಪಾಲು ಜಮೀನಿಲ್ಲದವರು, ಕಾಡನ್ನೇ ನೆಚ್ಚಿದವರು. ಗೌಡರ, ಹೆಗ್ಗಡೆಗಳ ಮನೆಯ ಬೇಟೆಯ ಕತೆಗಳಲ್ಲಿ ಗುಂಡು ಹೊಡೆದವನ ಹೆಸರು ಉಳಿಯಿತು, ಹೆಜ್ಜೆ ತೋರಿಸಿದವನ ಹೆಸರು ಅಪರೂಪ.

ಈ ಲೋಕವನ್ನು ಕನ್ನಡ ಸಾಹಿತ್ಯಕ್ಕೆ ತಂದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು. 1933ರ ‘ಮಲೆನಾಡಿನ ಚಿತ್ರಗಳು’, 1936ರ ‘ಕಾನೂರು ಹೆಗ್ಗಡಿತಿ’, 1967ರ ‘ಮಲೆಗಳಲ್ಲಿ ಮದುಮಗಳು’ ಕೃತಿಗಳಲ್ಲಿ ಬೇಟೆ, ನಾಯಿ, ಹಳು, ಇಬ್ಬನಿಗಳು ಬದುಕಿನ ಭಾಗವಾಗಿಯೇ ಬರುತ್ತವೆ. ಬೇಟೆಯ ಮಾತುಗಳಲ್ಲಿ ಹಲವು ಇಂದಿನ ಓದುಗರಿಗೆ ಸಿಗುವುದು ಆ ಪುಟಗಳಲ್ಲೇ.

ಶಾಸನದಿಂದ ಸರ್ಕಾರದ ಕಾಯ್ದೆಯವರೆಗೆ

ಬೇಟೆಯ ದಾಖಲೆ ಕನ್ನಡ ನಾಡಿನಲ್ಲಿ ಹಳೆಯದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಸುಮಾರು 949–50ರದು, ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಡನೆ ಕಾದಾಡಿ ಎರಡೂ ಸತ್ತದ್ದನ್ನು ಹೇಳುತ್ತದೆ. ಹುಲಿಯೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ರಾಜ್ಯದ ಹಲವೆಡೆ ಇವೆ. 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಗೆ ಒಂದು ಭಾಗವೇ ಮೀಸಲು.

ಮೈಸೂರು ಸಂಸ್ಥಾನದ ಕಾಲಕ್ಕೆ ಬೇಟೆಗೆ ಎರಡು ಮುಖ ಬಂದವು. ಒಂದು ಕಡೆ ಹುಲಿ, ಚಿರತೆ ಕೊಂದವರಿಗೆ ಸರ್ಕಾರ ಬಹುಮಾನ ಕೊಡುತ್ತಿತ್ತು. ಇನ್ನೊಂದು ಕಡೆ 1901ರ ಬೇಟೆ ಮತ್ತು ಮೀನು ರಕ್ಷಣೆಯ ಕಾಯ್ದೆ ಕೆಲವು ಪ್ರಾಣಿಗಳ ಬೇಟೆಗೆ ಮಿತಿ ಹಾಕಿತು. ಬೆಳೆ ಕಾಯಲು ಕೋವಿಗೆ ಪರವಾನಗಿ ಪಡೆಯುವ ಪದ್ಧತಿ ಹಳ್ಳಿಗಳಲ್ಲಿ ನೆಲೆಯೂರಿ, ಇಂದಿಗೂ ಉಳಿದಿದೆ. ಪಟ್ಟಣದಿಂದ ಬಂದ ಶಿಕಾರಿಗಳಿಗೂ ಈ ಸೀಮೆ ಪರಿಚಿತವಾಗಿತ್ತು. ಬೆಂಗಳೂರಿನ ಕೆನೆತ್ ಆಂಡರ್ಸನ್ 1957ರ ತನ್ನ ಪುಸ್ತಕವೊಂದರಲ್ಲಿ ಸಾಗರ ತಾಲ್ಲೂಕಿನ ತ್ಯಾಗರ್ತಿ ಸುತ್ತಿನ ಹುಲಿಗಳಿಗೆ ಒಂದು ಅಧ್ಯಾಯ ಕೊಟ್ಟಿದ್ದಾನೆ. ಆಂಡರ್ಸನ್‌ನ ಬೇಟೆಯ ಕತೆಗಳು ಪೂರ್ಣಚಂದ್ರ ತೇಜಸ್ವಿಯವರ ಭಾವಾನುವಾದದಲ್ಲಿ ‘ಕಾಡಿನ ಕತೆಗಳು’ ಆಗಿ ಕನ್ನಡದ ಮನೆಮನೆಗೆ ಬಂದವು. ಜಾಡು ಹಿಡಿಯುವುದು ಎಂದರೇನೆಂದು ಕಾಡು ಕಾಣದ ಒಂದು ತಲೆಮಾರು ಕಲಿತದ್ದು ಆ ಪುಸ್ತಕಗಳಿಂದ.

ಮುಳುಗಿದ ಬಯಲು

ಶರಾವತಿ ಕಣಿವೆಯಲ್ಲಿ ಹೆಜ್ಜೆ ಚೆನ್ನಾಗಿ ಮೂಡುತ್ತಿದ್ದ ನೆಲ ನದಿಯ ಎರಡೂ ದಂಡೆಯ ಗದ್ದೆಬಯಲು. ಅದೇ ಮೊದಲು ಹೋಯಿತು. 1948ರ ಹೊತ್ತಿಗೆ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆ ಬಂತು; 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಹಿರೇಭಾಸ್ಕರವೂ ನೀರಿನಡಿ ಸೇರಿತು. 1,819 ಅಡಿಯ ಮಟ್ಟದವರೆಗೆ ನಿಲ್ಲುವ 151 ಟಿಎಂಸಿ ನೀರಿನ ಕೆಳಗೆ ಊರುಗಳು, ಗದ್ದೆಗಳು, ತೋಟಗಳು, ಅವುಗಳ ಜೊತೆ ಪ್ರಾಣಿಗಳು ತಲೆಮಾರುಗಳಿಂದ ನಡೆದ ದಾರಿಗಳು ಮರೆಯಾದವು. ಜನ ಚದುರಿದರು. ಯಾವ ಕಂಡಿಯಲ್ಲಿ ಯಾವ ಪ್ರಾಣಿ ದಾಟುತ್ತದೆ ಎಂಬ ತಿಳಿವು ಊರಿನ ನೆಲಕ್ಕೆ ಅಂಟಿಕೊಂಡದ್ದು; ನೆಲ ಹೋದ ಮೇಲೆ ಅದನ್ನು ಹೊಸ ಊರಿಗೆ ಹೊತ್ತೊಯ್ಯಲು ಆಗಲಿಲ್ಲ.

ತುಮರಿ, ಸಿಗಂದೂರು ಸೇರಿದ ಕರೂರು–ಬಾರಂಗಿ ಸೀಮೆ ಹಿನ್ನೀರಿನಿಂದ ತಾಲ್ಲೂಕು ಕೇಂದ್ರಕ್ಕೆ ದೂರವಾಗಿ, ಲಾಂಚನ್ನೇ ನೆಚ್ಚಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯುವವರೆಗೆ ಆರು ದಶಕ ಹೀಗೇ ನಡೆಯಿತು. ಹಿನ್ನೀರು ಹೊಸದೊಂದು ನೆಲವನ್ನೂ ಸೃಷ್ಟಿಸಿತು. ಮಳೆಗಾಲದ ಕೊನೆಗೆ ತುಂಬಿದ ಜಲಾಶಯ ಚಳಿಗಾಲದಿಂದ ಇಳಿಯತೊಡಗುತ್ತದೆ. ನೀರು ಸರಿದ ಕಡೆ ಹಸಿ ಮಣ್ಣಿನ ಅಗಲ ಪಟ್ಟಿ ಉಳಿಯುತ್ತದೆ. ನೀರು ಕುಡಿಯಲು, ಚಿಗುರು ಮೇಯಲು ಬರುವ ಕಾಟಿ, ಕಡವೆ, ಹಂದಿಗಳ ಹೆಜ್ಜೆ ಇಂದು ಹೆಚ್ಚು ಸ್ಪಷ್ಟವಾಗಿ ಸಿಗುವುದು ಆ ಪಟ್ಟಿಯ ಮೇಲೆ.

ಬೇಟೆಯಿಂದ ಗಣತಿಗೆ

1972 ಈ ಚರಿತ್ರೆಯ ತಿರುವು. ಆ ವರ್ಷದ ಏಪ್ರಿಲ್‌ನಲ್ಲಿ ಶರಾವತಿ ಕಣಿವೆಯ 431 ಚದರ ಕಿಲೋಮೀಟರ್ ವನ್ಯಜೀವಿ ಅಭಯಾರಣ್ಯವಾಯಿತು. ಸೆಪ್ಟೆಂಬರ್‌ನಲ್ಲಿ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಶತಮಾನಗಳ ಬೇಟೆ ಅಪರಾಧವಾಯಿತು. 2019ರಲ್ಲಿ ಅಘನಾಶಿನಿ ಕಡೆಯ ಕಾಡುಗಳೂ ಸೇರಿ, ಸಿಂಗಳೀಕದ ಹೆಸರಿನಲ್ಲಿ ಅಭಯಾರಣ್ಯ ಸುಮಾರು 930 ಚದರ ಕಿಲೋಮೀಟರಿಗೆ ಹಿಗ್ಗಿತು.

ಬೇಟೆ ನಿಂತರೂ ಹೆಜ್ಜೆ ನೋಡುವ ಕೆಲಸ ನಿಲ್ಲಲಿಲ್ಲ. 1966ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ಹೆಜ್ಜೆಗುರುತಿನಿಂದ ಹುಲಿಗಳನ್ನು ಎಣಿಸುವ ಕ್ರಮವನ್ನು ರೂಪಿಸಿದ್ದರು. 1972ರ ಮೊದಲ ರಾಷ್ಟ್ರೀಯ ಗಣತಿ ಅದನ್ನೇ ಅನುಸರಿಸಿ 1,827 ಹುಲಿಗಳಿವೆ ಎಂದಿತು. ಮರುವರ್ಷ ಹುಲಿ ಯೋಜನೆ ಆರಂಭವಾಯಿತು. ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಅರಣ್ಯ ರಕ್ಷಕರು ಬೆಳಗ್ಗೆ ದಾರಿಗಳಲ್ಲಿ ನಡೆದು, ಹುಲಿಯ ಹಿಂಗಾಲಿನ ಹೆಜ್ಜೆಯ ಮೇಲೆ ಗಾಜಿಟ್ಟು ಗೆರೆ ಎಳೆದು, ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆಯುತ್ತಿದ್ದರು. ಪ್ರತಿ ಹುಲಿಯ ಹೆಜ್ಜೆಯೂ ಬೇರೆ, ಅದನ್ನು ಕಣ್ಣಿನಿಂದ ಗುರುತಿಸಬಹುದು ಎಂಬ ನಂಬಿಕೆಯ ಮೇಲೆ ಇಡೀ ಕ್ರಮ ನಿಂತಿತ್ತು.

ತಪ್ಪು ಅಲ್ಲಿತ್ತು. ಒಂದೇ ಹುಲಿಯ ಹೆಜ್ಜೆ ಧೂಳಿನಲ್ಲಿ ಒಂದು ಆಕಾರ, ಕೆಸರಿನಲ್ಲಿ ಇನ್ನೊಂದು. ಹಳ್ಳಿಯ ಜಾಡುಗಾರ ಒಂದು ಬೆಳಗಿನ ಒಂದು ಜಾಡನ್ನು ಹಿಂಬಾಲಿಸುತ್ತಿದ್ದ. ಗಣತಿ ಬೇರೆಬೇರೆ ನೆಲದ, ಬೇರೆಬೇರೆ ಕೈ ಎಳೆದ ಗೆರೆಗಳನ್ನು ಕಚೇರಿಯಲ್ಲಿ ಹೋಲಿಸಿತು. ಪುತ್ತೂರಿನಲ್ಲಿ ಹುಟ್ಟಿದ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸುವ ಕ್ರಮವನ್ನು ಬೆಳೆಸಿದರು. 2003ರಲ್ಲಿ ಸಹವಿಜ್ಞಾನಿಗಳೊಂದಿಗೆ ಹೆಜ್ಜೆ ಗಣತಿಯ ದೋಷಗಳನ್ನು ವೈಜ್ಞಾನಿಕ ಪತ್ರಿಕೆಯಲ್ಲಿ ವಿವರಿಸಿದರು. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬುದು ಬಯಲಾಯಿತು. ಹಳೆಯ ಕ್ರಮ 2001–02ರಲ್ಲಿ 3,642 ಹುಲಿಗಳನ್ನು ಎಣಿಸಿತ್ತು. 2006ರ ಹೊಸ ಕ್ರಮದ ಅಂದಾಜು 1,411. ಪಟ್ಟಿಯಲ್ಲಿ ಹುಲಿಗಳಿದ್ದು ಕಾಡಿನಲ್ಲಿ ಇಲ್ಲದಿದ್ದಾಗ, ಕಾಯಬೇಕಾದ ಹೊತ್ತಿನಲ್ಲಿ ಕಾಯುವ ಅವಕಾಶವೇ ತಪ್ಪಿಹೋಗಿತ್ತು.

ಇಂದಿನ ಚಳಿಗಾಲ

ಹೊಸ ಕ್ರಮ ಹೆಜ್ಜೆಯನ್ನು ಕೈಬಿಡಲಿಲ್ಲ, ಅದಕ್ಕೆ ತಕ್ಕ ಜಾಗ ಕೊಟ್ಟಿತು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅಂದಾಜಿನ ಮೊದಲ ಹಂತದಲ್ಲಿ ಅರಣ್ಯ ಸಿಬ್ಬಂದಿ ಪ್ರತಿ ಗಸ್ತಿನಲ್ಲಿ ಐದು ಕಿಲೋಮೀಟರಿನಂತೆ ನಡೆದು, ಮಾಂಸಾಹಾರಿ ಪ್ರಾಣಿಗಳ ಹೆಜ್ಜೆ, ಹಿಕ್ಕೆ, ಮರದ ಮೇಲಿನ ಉಗುರುಗೀರುಗಳನ್ನು ದಾಖಲಿಸುತ್ತಾರೆ. ಹೆಜ್ಜೆ ಈಗ ಎಷ್ಟು ಹುಲಿಗಳಿವೆ ಎಂದು ಹೇಳುವುದಿಲ್ಲ. ಹುಲಿ ಎಲ್ಲಿ ಓಡಾಡುತ್ತದೆ ಎಂದು ಹೇಳುತ್ತದೆ. ಗುರುತು ಮೊದಲಿನಂತೆ ಪುಸ್ತಕಕ್ಕಲ್ಲ, ಮೊಬೈಲಿಗೆ ಸೇರುತ್ತದೆ. 2022ರಲ್ಲಿ ಈ ಕ್ರಮದ ಐದನೆಯ ಸುತ್ತು ಕರ್ನಾಟಕದಲ್ಲಿ 563 ಹುಲಿಗಳ ಅಂದಾಜು ಕೊಟ್ಟಿತು.

ಈ ತಾಲ್ಲೂಕುಗಳೆಲ್ಲ ಸೇರಿದ ಶಿವಮೊಗ್ಗ ಜಿಲ್ಲೆಯಲ್ಲಿ, ಹೆಜ್ಜೆ ಚೆನ್ನಾಗಿ ಕಾಣುವ ಚಳಿಗಾಲದಲ್ಲೇ ಕಾಡಿನಲ್ಲಿ ನಡೆಯುವುದಕ್ಕೆ ಒಂದು ಅಪಾಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಅದರ ಕಾಲವೂ ನವೆಂಬರ್–ಡಿಸೆಂಬರ್‌ನಿಂದ ಮೇವರೆಗೆ. 2018–19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಹಲವರ ಜೀವ ತೆಗೆಯಿತು. ದರಗು, ಸೊಪ್ಪು, ಕಟ್ಟಿಗೆಗೆ ಹೋಗುವವರು ಕೈಕಾಲಿಗೆ ಉಣುಗು ತಡೆಯುವ ಎಣ್ಣೆ ಸವರಿಕೊಂಡು ಹೋಗಬೇಕಾಗಿದೆ. ಕಾಡಿನಲ್ಲಿ ಸತ್ತು ಬಿದ್ದ ಮಂಗವೇ ಇಲ್ಲಿ ಓದಬೇಕಾದ ಮೊದಲ ಗುರುತು. ಅದನ್ನು ಕಂಡವರು ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿದರೆ ಊರಿಗೆ ಎಚ್ಚರಿಕೆ ಸಿಗುತ್ತದೆ.

ಗಣತಿಯ ಕ್ಯಾಮೆರಾಗಳನ್ನು ಎರಡೆರಡಾಗಿ, ದಾರಿಯ ಎರಡೂ ಬದಿಗೆ, ಮರಕ್ಕೆ ಕಟ್ಟುತ್ತಾರೆ. ಪ್ರಾಣಿ ಹಾಯದ ಜಾಗದಲ್ಲಿ ಕಟ್ಟಿದ ಕ್ಯಾಮೆರಾಕ್ಕೆ ಏನೂ ಸಿಗುವುದಿಲ್ಲ. ಆದ್ದರಿಂದ ಅದಕ್ಕೂ ಮೊದಲು ಊರಿನ ಕಾಡು ಬಲ್ಲ ಕಾವಲುಗಾರರು ಬೆಳಗಿನ ಮಂಜಿನಲ್ಲಿ ದಾರಿಗುಂಟ ನಡೆದು, ಕೂಡುದಾರಿಗಳ ಧೂಳನ್ನೂ ಹಳ್ಳದ ಕೆಸರನ್ನೂ ನೋಡಿ, ಹೊಸ ಹೆಜ್ಜೆ ಇರುವ ಕಡೆ ಗುರುತು ಹಾಕುತ್ತಾರೆ. ಕ್ಯಾಮೆರಾವನ್ನು ಯಾವ ಮರಕ್ಕೆ ಕಟ್ಟಬೇಕು ಎಂದು ಹೇಳುವುದು ಈಗಲೂ ಆ ಹೆಜ್ಜೆಯೇ.